ಏಳರ ಪಕ್ಕದ ಅಂಕಿ

ಹಿರಿಯರೇ, ಗೆಳೆಯರೇ, ಕೆಲಸದ ಬಟ್ಟೆಯಲ್ಲೇ ಓಡಿಬಂದಿರುವ ನಮ್ಮ ವಿದ್ಯಾರ್ಥಿಗಳೇ, ಮುಂದಿನ ಬೆಂಚಿನಲ್ಲಿರುವ ಲೆಕ್ಕದ ಮೇಡಂ ಅವರ ಯಜಮಾನರೇ, ಮಗಳೇ — ಎಲ್ಲರಿಗೂ ನಮಸ್ಕಾರ.

ನಾನು ಈ ಸಂಜೆಶಾಲೆಯ ಭಾಷಾ ಮೇಷ್ಟ್ರು. ಲೆಕ್ಕಕ್ಕೂ ನನಗೂ ಮೊದಲಿನಿಂದಲೂ ಅಷ್ಟಕ್ಕಷ್ಟೇ. ಆದರೂ ಮೇಡಂ ಬಗ್ಗೆ ಮಾತಾಡಬೇಕಾದರೆ ಒಂದು ಸಂಖ್ಯೆಯ ಕಥೆ ಹೇಳಲೇಬೇಕು.

ಸೈಕಲ್ ಅಂಗಡಿಯ ಮೇಲಿನ ಈ ಕೋಣೆಯಲ್ಲಿ ಶಾಲೆ ಶುರು ಮಾಡಿದಾಗ ಪಾಠ ಹೇಳುವವರು ನಾವು ಎಂಟು ಜನ. ಮೊದಲ ಸಂಜೆಯೇ ಮೇಡಂ ಈ ಹಲಗೆಯ ಮೂಲೆಯಲ್ಲಿ ಬರೆದರು — ೭೩೯೩೯೧೩೩. ಏಳು ಕೋಟಿ ಮೂವತ್ತೊಂಬತ್ತು ಲಕ್ಷದ ಚಿಲ್ಲರೆ! "ಇದು ಅವಿಭಾಜ್ಯ. ಒಂದು ಮತ್ತು ತಾನು ಬಿಟ್ರೆ ಬೇರೆ ಯಾವುದರಿಂದಲೂ ಶೇಷ ಇಲ್ಲದೆ ಭಾಗ ಆಗಲ್ಲ. ಬಲಗಡೆ ಅಂಕಿ ಅಳಿಸಿ — ಉಳಿದದ್ದೂ ಅವಿಭಾಜ್ಯ. ಇನ್ನೊಂದು ಅಳಿಸಿ — ಆಗಲೂ ಅಷ್ಟೇ. ಒಂದೇ ಒಂದು ಏಳು ಉಳಿಯೋ ತನಕ ಅಷ್ಟೇ. ನಾವೂ ಹಾಗೇ ಇರೋಣ. ಒಬ್ಬರು ಹೋದ್ರೂ ಉಳಿದವರು ಒಡೀಬಾರದು."

ಇಂಥ ಸಂಖ್ಯೆಗಳಲ್ಲಿ ಇದೇ ಎಲ್ಲಕ್ಕಿಂತ ದೊಡ್ಡದಂತೆ. ಬಲಕ್ಕೆ ಒಂಬತ್ತನೆಯ ಅಂಕಿ ಯಾವುದನ್ನು ಸೇರಿಸಿದರೂ ಕೆಟ್ಟಿತು. "ಎಂಟೇ ಸಾಕಪ್ಪ, ಜಾಸ್ತಿ ಆದ್ರೆ ಜಗಳ ಶುರು" ಎಂದು ಮೇಡಂ ನಗುತ್ತಿದ್ದರು.

ಮೊದಲು ಹೊರಟವರು ಚರಿತ್ರೆಯ ಮೇಷ್ಟ್ರು, ವರ್ಗವಾಯಿತು. ನಾನು ಮಹಾ ಉತ್ಸಾಹದಿಂದ ಬಟ್ಟೆ ಹಿಡಿದು — ಹೀಗೆ — ಎಡಗಡೆಯ ಏಳನ್ನೇ ಒರೆಸಿಬಿಟ್ಟೆ. ಮೇಡಂ ಹಣೆ ಚಚ್ಚಿಕೊಂಡರು. "ಅಯ್ಯೋ ಮೇಷ್ಟ್ರೇ, ಏನ್ ಮಾಡಿದ್ರಿ! ಈಗ ಹನ್ನೊಂದರಿಂದ ಸಲೀಸಾಗಿ ಭಾಗ ಆಗೋಯ್ತು. ನಮ್ಮಲ್ಲಿ ಹಿರಿಯರು ನೀವು, ಆ ಏಳು ನೀವೇ. ನೀವು ಮಾತ್ರ ಹೋಗೋ ಹಾಗಿಲ್ಲ!"

ಆಮೇಲೆ ಒಬ್ಬೊಬ್ಬರೇ ಹೋದರು. ಯಾರು ಹೋದರೂ ಬಲಗಡೆಯ ಒಂದು ಅಂಕಿ ಹೋಗುತ್ತಿತ್ತು. ಉಳಿದದ್ದು ಒಡೆಯುತ್ತದೋ ಇಲ್ಲವೋ ಎಂದು ಮೇಡಂ ನಿಮ್ಮ ಕೈಯಲ್ಲೇ ಭಾಗಾಕಾರ ಮಾಡಿಸುತ್ತಿದ್ದರು. ನೆನಪಿದೆ ಅಲ್ಲವೇ? ಹೋದ ವಾರದವರೆಗೆ ಇಲ್ಲಿ ಎಪ್ಪತ್ತಮೂರು ಇತ್ತು. ಮೇಡಂ ಮತ್ತು ನಾನು. — ಮೇಡಂ ತೀರಿಕೊಂಡ ಮೇಲೆ ಮೂರನ್ನು ನಾನೇ ಒರೆಸಿದೆ. ಕೈ ಬರಲಿಲ್ಲ, ಆದರೂ ಒರೆಸಿದೆ.

ಶಾಲೆ ಮುಚ್ಚುವ ಮಾತನ್ನು ಇವತ್ತು ನಿಮ್ಮೆದುರು ಹೇಳಿಬಿಡೋಣ ಎಂದುಕೊಂಡೇ ಬಂದೆ. ಲೆಕ್ಕ ಬಾರದ ಮುದುಕ ಒಬ್ಬನೇ ಎಷ್ಟು ದಿನ ಎಳೆಯಲಿ? ಬಂದು ನೋಡಿದರೆ ಮೇಡಂ ಮಗಳು ಹಲಗೆಯ ಮುಂದೆ ನಿಂತಿದ್ದಾಳೆ. ಹಗಲೆಲ್ಲ ಔಷಧಿ ಅಂಗಡಿಯಲ್ಲಿ ದುಡಿಯುವ ಹುಡುಗಿ. ಏಳರ ಪಕ್ಕದಲ್ಲಿ ಒಂಬತ್ತು ಬರೆದಿದ್ದಾಳೆ.

"ಅಮ್ಮನ ಮೂರು ಅಮ್ಮನಿಗೇ ಇರ್ಲಿ ಮಾಮ. ನಾನು ಒಂಬತ್ತು. ಸರಿಯಿದೆಯಾ, ನೀವೇ ಭಾಗಿಸಿ ನೋಡಿ."

ಜೀವಮಾನದಲ್ಲಿ ಮೊದಲ ಸಲ, ಯಾರೂ ಕಿವಿ ಹಿಂಡದೆ, ನಾನು ಭಾಗಿಸಿದೆ. ಎರಡರಿಂದ ಆಗಲಿಲ್ಲ. ಮೂರರಿಂದ, ಐದರಿಂದ ಆಗಲಿಲ್ಲ. ಏಳರಿಂದ ಭಾಗಿಸಿದೆ — ಎರಡು ಉಳಿಯಿತು. ಎಪ್ಪತ್ತೊಂಬತ್ತು ಒಡೆಯಲಿಲ್ಲ. ನನಗೆ ಅಳುವೂ ನಗುವೂ ಒಟ್ಟಿಗೇ ಬಂತು.

ನೋಡಿ, ಅಲ್ಲೇ ಇದೆ. ಅದರ ಬಲಕ್ಕೆ ಇನ್ನೂ ಜಾಗವಿದೆ.

ಈಗ ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಮೇಡಂ ಅವರನ್ನು ನೆನೆಯುತ್ತ ಸ್ವಲ್ಪ ಹೊತ್ತು ಮಾತಿಲ್ಲದೆ ಇರೋಣ. ಮುಗಿದ ಮೇಲೆ ಯಾರೂ ಮನೆಗೆ ಹೊರಡಬೇಡಿ — ಇವತ್ತೂ ಪಾಠ ಇದೆ.