ಬೆಳಗಿನ ಮಾತ್ರೆ

ಮಿದುಳಿನ ಅಲೆ ಅಳೆಯುವ ಕೋಣೆಯ ಹೊರಗೆ, ನನ್ನ ಪಕ್ಕದ ಬೆಂಚಿನಲ್ಲಿ ಗಂಡ ಹೆಂಡತಿ ಕೂತಿದ್ದರು. ಏಳೆಂಟು ವರ್ಷದ ಮಗಳು ಒಂಟಿಕಾಲಲ್ಲಿ ಕುಂಟುತ್ತಾ ಟೈಲ್ಸು ದಾಟುತ್ತಿದ್ದಳು.

“ನೋಡ್ರೀ, ಒಂದ್ ಕಡೆ ನಿಲ್ತಿಲ್ಲ. ಒಳಗೆ ಹೇಗೆ ಕೂರ್ತಾಳೋ!”

“ಕೂರ್ತಾಳೆ ಬಿಡು. ಬೆಳಗ್ಗೆ ಮಾತ್ರೆ ಕೊಟ್ಟಿದೀನಿ.”

“ಕೊಟ್ರಾ? ಇವತ್ತೊಂದಿನ ಬೇಡ ಅಂತ ಡಾಕ್ಟರು ಅಷ್ಟು ಹೇಳಿದ್ರಲ್ರೀ!”

“ಒಳಗೆ ಅಷ್ಟು ಜನರ ಮುಂದೆ ನನ್ನ ಮಗಳು ದಡ್ಡಿ ಅನ್ನಿಸ್ಕೋಬೇಕಾ?”

“ಇದೇನು ಪಾಸಾಗೋ ಪರೀಕ್ಷೇನಾ? ಮಾತ್ರೆ ಇಲ್ದೆ ಗಮನ ಎಲ್ಲಿ ತಪ್ಪುತ್ತೆ ಅಂತ ನೋಡೋಕೇ ಅಲ್ವಾ ಕರೆದಿದ್ದು? ಹೋಗಿ ಹೇಳಿ.”

“ಹೇಳಿದ್ರೆ ವಾಪಸ್ ಕಳಿಸ್ತಾರೆ. ಮತ್ತೆ ನಾಲ್ಕು ತಿಂಗಳು ಕಾಯ್ಬೇಕು. ಸುಮ್ನಿರು.”

“ನೀವು ಹೇಳ್ದಿದ್ರೆ ನಾನು ಹೇಳ್ತೀನಿ.”

ಬಾಗಿಲು ತೆರೆಯಿತು. ತಂತಿಗಳು ಜೋತಾಡುವ ಟೋಪಿ ಹಿಡಿದ ಟೆಕ್ನಿಷಿಯನ್ ಕೇಳಿದಳು, “ಬೆಳಗ್ಗೆ ಮಾತ್ರೆ ಕೊಟ್ಟಿಲ್ಲ ತಾನೇ?”

ಅಪ್ಪ ಗೋಡೆ ನೋಡಿದ. ಅಮ್ಮ ಬಾಯಿ ತೆರೆದಳು.

“ಅಪ್ಪ ಕೊಟ್ಟ,” ಎಂದಳು ಮಗಳು, ಕುಂಟುತ್ತಲೇ. “ನಾನು ಉಗಿದುಬಿಟ್ಟೆ. ಬೇಡ ಅಂತ ಡಾಕ್ಟರು ಹೇಳಿದ್ರಲ್ಲ, ನಾನು ಕೇಳಿಸ್ಕೊಂಡಿದ್ದೆ.”

ಜೇಬಿನಿಂದ ಕರ್ಚೀಫು ತೆಗೆದು, ಅದಕ್ಕೆ ಅಂಟಿದ್ದ ಮಾತ್ರೆ ಬಿಡಿಸಿ ಅಪ್ಪನ ಅಂಗೈಗಿಟ್ಟು, ಟೋಪಿ ಹಿಡಿದವಳ ಹಿಂದೆ ಒಳಗೆ ಹೋದಳು.