ನಿಂಗತ್ತೆ ಇಟ್ಟ ಎಡೆ

ಸೋಲೂರಿನ ಮನೆಯ ಹೆಂಚಿನ ಮೇಲೆ ಹಸ್ತೆ ಮಳೆ ಸಂಜೆಯಿಂದ ಹೊಡೆಯುತ್ತಿತ್ತು. ಕರೆಂಟು ಹೋಗಿತ್ತು. ಮಾರ್ನಮಿ ಹಬ್ಬಕ್ಕೆ, ಹಿರೀಕರಿಗೆ ಎಡೆ ಇಡುವ ದಿನವೆಂದು ಬಂದಿದ್ದ ಮೊಮ್ಮಕ್ಕಳೆಲ್ಲ ದೀಪದ ಸುತ್ತ ಕುಳಿತಿದ್ದರು. "ನಾಳೆ ಕಾರಲ್ಲಿ ಸುತ್ತಾಡ್ಕೊಂಡು ಒಳ್ಳೇ ಹಳ್ಳಿ ಊಟ ಹುಡುಕ್ತೀವಜ್ಜಿ," ಎಂದು ಸಿರಿ ಹೇಳಿದ್ದೇ ತಡ, ಅಜ್ಜಿ ಶಿವಲಿಂಗಮ್ಮ ದೀಪದ ಬತ್ತಿ ತಗ್ಗಿಸಿ ಅವಳತ್ತ ತಿರುಗಿದಳು.

"ಹೋಗ್ರವ್ವಾ, ಯಾರ್ ಬ್ಯಾಡ ಅಂದೋರು? ಆದ್ರೆ ಸಿಕ್ಕ ಸಿಕ್ಕ ಮನೇಲೆಲ್ಲ ಉಣ್ಬ್ಯಾಡಿ... ನಮ್ಮಕ್ಕ ಹೊನ್ನಮ್ಮನ ಕತೆ ಕೇಳ್ಕಳಿ.

"ಹೊನ್ನಕ್ಕ ಹಾಸಿಗೆ ಹಿಡಿದು ಅನ್ನ ನೀರು ಬುಟ್ಟಿದ್ಲು. ಏನಾರ ತಿಂದ್ರೆ ಉಳ್ಕತಾರೆ ಅಂದಿದ್ರು ಡಾಕ್ಟ್ರು. ಇವಳೇನಂತಾಳೆ? ನಮ್ ತೌರೂರಿನ ಅಣ್ಣೆಸೊಪ್ಪಿನ ಸಾರು, ಮುದ್ದೆ ತಂದ್ಕೊಡ್ಲಾ ಅಶ್ವಥ್ ಅಂತ ಮಗನ ಕೈ ಹಿಡ್ಕಂಡು ಗೋಳಾಡ್ತಾಳೆ. ಎಲ್ಲೈತೆ ತೌರೂರು? ಫ್ಯಾಕ್ಟ್ರಿಗೆ ಅಂತ ಊರಿಗೂರೇ ಎಬ್ಬಿಸಿ ವರ್ಷ ಕಳ್ದಿತ್ತು. ಆದ್ರೆ ಹೆತ್ತೋಳು ಕೇಳುದ್ ಮ್ಯಾಲೆ ಸುಮ್ಕಿರಕಾಯ್ತದಾ? ಇದೇ ಮಾರ್ನಮಿ ದಿನ, ಬೆಳಗ್ಗೆ ಕ್ಯಾರಿಯರ್ ತಗಲಾಕ್ಕೊಂಡು ಬೈಕ್ ಹತ್ತುದ. ಬೈರಾಪಟ್ಟಣ ಸುತ್ತಿ, ಕನಕಪುರ ದಾಟಿ, ಉಯ್ಯಂಬಳ್ಳಿಗಂಟ ಹೋದ. ಹೋಟ್ಲಲ್ಲಿ ಕೇಳುದ್ರೆ ನಗ್ತಾರೆ. ರಾಗಿ ಹೊಲ್ದಾಗೆ ಕೇಳುದ್ರೆ, ಕಳೆಗೆ ಔಸ್ದಿ ಹೊಡ್ದು ಆ ಸೊಪ್ಪೇ ಹುಟ್ಟಲ್ಲ ಅಂತಾರೆ. ಸೋತು ಸುಣ್ಣವಾಗಿ, ಹೊತ್ತು ಇಳಿಯೋವಾಗ ತೌರೂರಿನ ಜಾಗಕ್ಕೇ ಹೋಗವ್ನೆ.

"ಅಲ್ಲೇನೈತೆ ಮಣ್ಣು? ಫ್ಯಾಕ್ಟ್ರಿ ಕಾಂಪೌಂಡು... ಅದ್ರ ಮಗ್ಗುಲಾಗೆ ಒಂದೇ ಒಂದು ಹೆಂಚಿನ ಮನೆ, ಘಮ್ಮಂತ ಅಣ್ಣೆಸೊಪ್ಪಿನ ವಾಸ್ನೆ!

"ಒಳಗೊಬ್ಬ ಮುದುಕಿ. ಒಲೆ ಹೊಗೇಲಿ ಮುಖ ಕಾಣ್ಲಿಲ್ವಂತೆ. ನಡುಮನೆ ತುಂಬ ಸಾಲಾಗಿ ಬಾಳೆಲೆ, ಎಲೆ ಎಲೆಗೂ ಮುದ್ದೆ, ಸಾರು... ಉಣ್ಣೋರು ಯಾರೂ ಇಲ್ಲ. ಸತ್ತೋರ್ಗೆ ಎಡೆ ಇಟ್ಟವ್ಳೆ ಅನ್ಕಂಡ ನಮ್ ಹುಡ್ಗ. ಮಾರ್ನಮೀಲಿ ಇನ್ನೇನ್ ಅನ್ಕತಾರೆ? ಎಡೆ ಇಟ್ಟಿದ್ದನ್ನ ಹಂಚ್ಕಂಡು ಉಣ್ಣೋದು ಇದ್ದಿದ್ದೇ ಅಲ್ವಾ, ಅದ್ಕೇ ನಮ್ಮವ್ವ ಹೊನ್ನಮ್ಮಂಗೆ ಒಸಿ ಕೊಡಜ್ಜಿ ಅಂತ ಕ್ಯಾರಿಯರ್ ಚಾಚುದ. ಮುದುಕಿ ನಕ್ಕಂಡು ಏನಂದ್ಲು ಗೊತ್ತಾ? 'ಒಸಿ ಯಾಕ್ಲಾ? ಇದು ಅವಳ್ದೇ ಎಲೆ. ಪೂರ್ತಿ ತಕ್ಕಂಡೋಗು.'

"ಹೊನ್ನಕ್ಕ ಎದ್ದು ಕುಂತು ಉಂಡ್ಲು ಕಣ್ರವ್ವಾ! ಬೆರಳು ನೆಕ್ಕಂಡು ಉಂಡ್ಲು. ನಾವೆಲ್ಲ ಖುಷೀಲಿ ಅತ್ತುಬುಟ್ಟೋ. 'ಇದು ನಿಂಗತ್ತೆ ಕೈರುಚಿ ಕಣ್ಲಾ, ಎಲ್ಲಿ ಸಿಕ್ತು?' ಅಂದ್ಲು. ಅಶ್ವಥ್ ಹೇಳ್ದ. ಬಾಯಿಗ್ ಹೋಗೋ ತುತ್ತು ಅಲ್ಲೇ ನಿಂತೋಯ್ತು... ನಿಂಗತ್ತೆ ಅಂದ್ರೆ ನಮ್ ಸೋದರತ್ತೆ. ಊರು ಬುಡಾಕಿಲ್ಲ ಅಂತ ಹಟ ಹಿಡ್ದು ಅಲ್ಲೇ ಪ್ರಾಣ ಬುಟ್ಟೋಳು. ತೌರು ಮನೇರ್ನ ಕರ್ಕಂಡೋಗಾಕೆ ನಾವು ಅಕ್ಕ ತಂಗೀರು ಹೋಗಿದ್ದ ದಿನ, ಬೀದೀಲಿ ನಿಂತು ಒಬ್ಬೊಬ್ರ ಹೆಸ್ರು ಹಿಡ್ದು ಬೈದಿದ್ಲು: 'ಊರ್ಗೆ ಬೆನ್ನಾಕ್ದೋರು ನನ್ ಪಾಲ್ಗೆ ಸತ್ರು! ಮಾರ್ನಮಿಗೆ ಎಡೆ ಇಡ್ತೀನಿ ಹೋಗ್ರೇ!'

"ಬೆಳಕರಿಯೋ ಹೊತ್ಗೆ ಹೊನ್ನಕ್ಕ ಹೊಂಟೋದ್ಲು. ಹೊಟ್ಟೆ ತುಂಬ ಉಂಡ್ಲಲ್ಲ ಅಂತ ಸಮಾಧಾನ ಮಾಡ್ಕಂಡೋ, ಇನ್ನೇನ್ ಮಾಡಾನ..."

ಸಿರಿ ಅಜ್ಜಿಯ ಹತ್ತಿರ ಸರಿದು ಕುಳಿತಳು. ಕೇಳಬಾರದು ಎನಿಸಿದರೂ ಬಾಯಿಗೆ ಬಂದೇಬಿಟ್ಟಿತು. "ಮಿಕ್ಕಿದ ಎಲೆಗಳು ಯಾರ್ದಜ್ಜಿ?"

"ಅಶ್ವಥ್ನೂ ಅದನ್ನೇ ಕೇಳುದ್ನಂತೆ. ಹೊನ್ನಕ್ಕನ ಎಲೆ ಪಕ್ಕದ್ದು ತೋರ್ಸಿ, 'ಇದು ಸೋಲೂರಿನ ಶಿವಲಿಂಗಿದು' ಅಂದ್ಲಂತೆ. ಅವತ್ತಿಂದ ಮಾರ್ನಮಿ ದಿನ ನಂಗೆ ಹಸಿವೇ ಆಗಲ್ಲ ಕಣವ್ವಾ. ಇವತ್ತೂ ಬೆಳಗ್ಗಿಂದ ಒಂದಗುಳು ಮುಟ್ಟಿಲ್ಲ... ಹೊಟ್ಟೆ ಗಡದ್ದಾಗೈತೆ. ನಂಬಕಿಲ್ವಾ? ಬಾ ಇಲ್ಲಿ, ನನ್ ಕೈ ಮೂಸ್ ನೋಡು."