ಧೂಳು ನುಂಗಿದ ಫಿಲ್ಟರು

ಇವತ್ತು ಎಣ್ಣೆಯ ವಿಷಯ ಹೇಳುತ್ತೇನೆ, ತಾಯಂದಿರೇ. ದೀಪದ ಎಣ್ಣೆಯಲ್ಲ, ಕಾರಿನ ಎಣ್ಣೆ. ನಗಬೇಡಿ. ನೋಡಿ, ಶಿವನ ಕರುಣೆ ಗುಡಿಯೊಳಗೆ ಮಾತ್ರ ಕಾಣಬೇಕೆಂದಿಲ್ಲ. ಕಾರಿನ ಬಾನೆಟ್ ಕೆಳಗೂ ಕಾಣುತ್ತದೆ. ನೋಡುವ ಕಣ್ಣು ಬೇಕು, ಅಷ್ಟೇ.

ಮೆಣಸಿನಕಾಯಿ ವ್ಯಾಪಾರ ಜೋರಾಗಿದ್ದ ಒಂದು ಊರು. ಅಲ್ಲಿ ಶಿವಯೋಗೆಪ್ಪ ಅಂತ ಒಬ್ಬ ಸಿರಿವಂತ. ದೊಡ್ಡ ಗೋದಾಮು, ದೊಡ್ಡ ಮನೆ, ಗೋದಾಮಿನ ಅಂಗಳದಲ್ಲೇ ನಿಲ್ಲುವ ಅಪ್ಪನ ಕಾಲದ ಒಂದು ಡೀಸೆಲ್ ಕಾರು. ಆ ಕಾರೆಂದರೆ ಅವನಿಗೆ ಪ್ರಾಣ. ದಿನಾ ಬೆಳಿಗ್ಗೆ ತಾನೇ ತೊಳೆಯುತ್ತಿದ್ದ, ಮುಖ ಕಾಣುವ ಹಾಗೆ ಒರೆಸುತ್ತಿದ್ದ, ವಿಭೂತಿ ಹಚ್ಚಿ ಹೂವು ಏರಿಸುತ್ತಿದ್ದ. ಎಲ್ಲವೂ ಹೊರಗೆ! ಒಳಗಿನದು? ಎಣ್ಣೆಯ ಕೆಂಪು ದೀಪ ಹೊತ್ತಿದಾಗ ಮಾತ್ರ ಬಾನೆಟ್ ಎತ್ತಿ, ಒಂದಿಷ್ಟು ಸುರಿದು ಮುಚ್ಚಿಬಿಡುತ್ತಿದ್ದ. ಹಳೆಯ ಎಣ್ಣೆ ಇಳಿಸಬೇಕು, ಫಿಲ್ಟರು ಬದಲಿಸಬೇಕು ಎಂದು ಯಾರಾದರೂ ಅಂದರೆ ಅವನದು ಒಂದೇ ಮಾತು.

"ಓಡಾಕತ್ತೈತಲ್ಲೋ, ಇನ್ನೇನ್ ಬೇಕು?"

ಅವನ ಹೆಂಡತಿ ನೀಲವ್ವ. ಗೋದಾಮೆಲ್ಲ ಅವಳದೇ ಉಸ್ತುವಾರಿ. ಮೆಣಸಿನಕಾಯಿ ಹರವಿಸುವುದು, ಚೀಲ ತುಂಬಿಸುವುದು, ಕಸ ಹೊಡೆಸುವುದು, ಎಲ್ಲ ಅವಳೇ. ವರ್ಷಗಳಿಂದ ಕೆಮ್ಮುತ್ತಿದ್ದಳು. ಗಂಡನ ಕಿವಿಗೆ ಆ ಕೆಮ್ಮು ಗೋಡೆ ಗಡಿಯಾರದ ಸದ್ದಿನಂತೆ ಆಗಿಹೋಗಿತ್ತು. ಇದ್ದೇ ಇರುತ್ತದೆ, ಆದರೆ ಕೇಳಿಸುವುದಿಲ್ಲ.

ಒಂದು ಮಧ್ಯಾಹ್ನ ನೀಲವ್ವ ಗೋದಾಮಿನ ಬಾಗಿಲಲ್ಲೇ ಕುಸಿದಳು. ಉಸಿರು ಒಳಗೆ ಹೋಗುತ್ತಿಲ್ಲ, ತುಟಿ ಕಪ್ಪಿಡುತ್ತಿದೆ. ಅಂದು ಅವಳ ತಮ್ಮ ಫಕೀರೇಶ ಮನೆಗೆ ಬಂದಿದ್ದ. ಟ್ರ್ಯಾಕ್ಟರ್ ಇಟ್ಟುಕೊಂಡಿದ್ದ ರೈತ ಅವನು. ಅಕ್ಕನನ್ನು ಎತ್ತಿ ಕಾರಿನ ಹಿಂದಿನ ಸೀಟಿಗೆ ಹಾಕಿ ತಾನೂ ಕೂತ. ಶಿವಯೋಗೆಪ್ಪ ಕಾರು ಬಿಟ್ಟ. ಆಸ್ಪತ್ರೆ ಇದ್ದದ್ದು ಗುಡ್ಡದ ಆಚೆ.

ಏರು ಅರ್ಧ ಹತ್ತುವಷ್ಟರಲ್ಲಿ ಕಾರು ಸೋತಿತು. ಒತ್ತಿದಷ್ಟೂ ಕರಿ ಹೊಗೆ. ನಿಂತೇಬಿಟ್ಟಿತು. ಮುಂದೆ ಒಂದು ಗಾಡಿಯಿಲ್ಲ, ಹಿಂದೆ ಒಂದು ಗಾಡಿಯಿಲ್ಲ. ಒಳಗೆ ನೀಲವ್ವ ಏದುತ್ತಿದ್ದಾಳೆ.

"ಮಾವಾ, ನೀವ್ ಅಕ್ಕನ್ನ ಹಿಡ್ಕೊಂಡ್ ಕುಂದರ್ರಿ" ಎಂದು ಫಕೀರೇಶ ಕೆಳಗಿಳಿದ. ಅಳತೆಯ ಕಡ್ಡಿ ಎಳೆದು ನೋಡಿದ. ಎಣ್ಣೆ ತಳ ಕಂಡಿತ್ತು, ಇದ್ದದ್ದೂ ಕೆಸರು. ಡಿಕ್ಕಿಯಲ್ಲಿದ್ದ ಎಣ್ಣೆ ಡಬ್ಬಿ ತಂದು ಸುರಿದ. ಆಮೇಲೆ ಗಾಳಿ ಹೋಗುವ ಡಬ್ಬಿ ಬಿಚ್ಚಿ, ಫಿಲ್ಟರು ತೆಗೆದು ಬಂಡೆಗೆ ಬಡಿದ. ಏನು ಹೇಳಲಿ! ಕೆಂಪು ಧೂಳು ಮೋಡದ ಹಾಗೆ ಎದ್ದಿತು. ಇನ್ನೊಮ್ಮೆ ಬಡಿದ, ಮತ್ತೂ ಬಂತು. ಬಂದೇ ಬಂತು. ಅದನ್ನು ಕಿಟಕಿಗೆ ತಂದು ಹಿಡಿದ.

"ಇದನ್ನ ಎಂದಾದರೂ ತಗದು ನೋಡೀರೇನು?"

"ಇಲ್ಲೋ."

"ನೋಡ್ರಿ, ಇಷ್ಟೂ ತಾನ ನುಂಗೈತಿ. ತನ್ನ ಉಸಿರು ಕಟ್ಟಿದರೂ ಇಂಜಿನ್ನಿಗೆ ತಾಗಗೊಟ್ಟಿಲ್ಲ."

ಶಿವಯೋಗೆಪ್ಪ ಆ ಫಿಲ್ಟರನ್ನು ನೋಡಿದ. ತೋಳಿನಲ್ಲಿದ್ದ ಹೆಂಡತಿಯನ್ನು ನೋಡಿದ. ಅವಳ ಸೆರಗಿನಲ್ಲೂ ಅದೇ ಕೆಂಪು ಧೂಳು.

ಫಕೀರೇಶ ಫಿಲ್ಟರನ್ನು ಮರಳಿ ಕೂರಿಸಿ, ತಾನೇ ಸ್ಟಿಯರಿಂಗ್ ಹಿಡಿದ. ಕಾರು ಎದ್ದಿತು, ಶರಣರೇ. ಕೆಮ್ಮುತ್ತ, ನಡುಗುತ್ತ ಗುಡ್ಡ ಹತ್ತಿಬಿಟ್ಟಿತು. ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟರು, ನೀಲವ್ವ ಉಳಿದಳು. ಪುಪ್ಪುಸದಲ್ಲಿ ಕಾಯಿಯ ಧೂಳು ಕೂತಿದೆ, ಇನ್ನು ಗೋದಾಮಿಗೆ ಕಾಲಿಡಬಾರದು ಎಂದರು ಡಾಕ್ಟರು. ಅವಳು ಚೇತರಿಸಿಕೊಂಡ ಮೇಲೆ ಗಂಡ ಮಂಚದ ಬಳಿ ಕೂತು ಕೇಳಿದ:

"ಅಲ್ಲಾ, ಆಳು ಇದ್ರಲ್ಲ. ನೀ ಯಾಕ ದಿನಾ ಒಳಗ ಹೋಗ್ತಿದ್ದಿ?"

"ಮದಿವಿ ಆದ ಹೊಸದಾಗ ಗೋದಾಮಿಗೆ ಹೊಕ್ಕರ ಸಾಕು, ನಿಮಗ ಉಬ್ಬಸ ಏಳ್ತಿತ್ತು. ಮರತ್ರೇನು? ಯಾರರೆ ಒಬ್ಬರು ನೋಡಬೇಕಲ್ರಿ. ಅದಕ್ಕ ನಾನ ಹೊಕ್ಕೆ, ನಿಮ್ಮನ್ನ ಹೊರಗ ರೊಕ್ಕದ ಗಲ್ಲಾಪೆಟ್ಟಿಗಿ ಮುಂದ ಕುಂದರಿಸಿದೆ."

ಅವನು ಮರೆತಿದ್ದ! ತನ್ನ ಎದೆಗೆ ಯಾಕೆ ಏನೂ ಆಗಲಿಲ್ಲ ಎಂದು ಒಂದು ದಿನವೂ ಯೋಚಿಸಿರಲಿಲ್ಲ. ಎದ್ದು ನಿಂತ. ವಾರ್ಡಿನ ಅಷ್ಟೂ ಜನರ ಎದುರು, ಗುಡಿಯಲ್ಲಿ ನಿಂತವನಂತೆ, ಹೆಂಡತಿಗೆ ಕೈಮುಗಿದ.

"ಏ, ಏನ್ ಮಾಡಾಕತ್ತೀರಿ, ಮಂದಿ ನೋಡ್ತಾರ" ಎಂದು ಅವಳು ಮುಖ ಮುಚ್ಚಿಕೊಂಡಳು.

ಈಗ ನೀವು ಹೇಳಿ. ನಿಮ್ಮ ಮನೆಯಲ್ಲಿ ಧೂಳು ನುಂಗುತ್ತಿರುವವರು ಯಾರು? ಹೆಂಡತಿಯೋ, ಅಣ್ಣನೋ, ಅತ್ತೆಯೋ? ನೀವು ಸುಖವಾಗಿ ಉಸಿರಾಡುತ್ತಿದ್ದೀರಿ ಎಂದರೆ ಯಾರೋ ಮಧ್ಯದಲ್ಲಿ ನಿಂತಿದ್ದಾರೆ. ಎಂಥ ದೊಡ್ಡ ಸಂಗತಿ ಇದು! ನೆನೆದರೆ ಮೈ ಜುಮ್ಮೆನ್ನುವುದಿಲ್ಲವೇ?

ಗಾಡಿ ಇದ್ದವರು ನಾಳೆಯೇ ಹಳೆಯ ಎಣ್ಣೆ ಪೂರ್ತಿ ಇಳಿಸಿ. ಎಣ್ಣೆಯ ಜೊತೆಗೇ ಅದರ ಫಿಲ್ಟರನ್ನೂ ಬದಲಿಸಿ. ಕೊಳಕು ಫಿಲ್ಟರಿನಲ್ಲಿ ಹೊಸ ಎಣ್ಣೆ ಹಾಯಿಸಿ ಏನು ಬಂತು? ಡೀಸೆಲ್ ಫಿಲ್ಟರಿನ ನೀರು ತೆಗೆಸಿ, ಗಾಳಿಯದನ್ನು ಬೆಳಕಿಗೆ ಹಿಡಿದು ನೋಡಿ. ಕೆಡುವವರೆಗೆ ಕಾಯಬೇಡಿ. ಮನೆಯವರ ವಿಷಯದಲ್ಲಂತೂ ನಾಳೆಯವರೆಗೂ ಕಾಯಬೇಡಿ. ಇವತ್ತು ಊಟಕ್ಕೆ ಕೂತಾಗ ಬಡಿಸುವವರ ಕೈಯಿಂದ ಸೌಟು ಇಸಿದುಕೊಳ್ಳಿ. ಅವರನ್ನು ಎಲೆಯ ಮುಂದೆ ಕೂರಿಸಿ, ನೀವು ಬಡಿಸಿ.